ಆಯ್ಕೆಯೇ ಇಲ್ಲದ ಊಟದ ಮನೆ

1971ರ ಆಗಸ್ಟ್ 28ರ ಸಂಜೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಬರ್ಕ್‌ಲಿ ಪಟ್ಟಣದ ಶ್ಯಾಟಕ್ ಅವೆನ್ಯೂ ರಸ್ತೆಯಲ್ಲಿ ಒಂದು ಹೊಸ ರೆಸ್ಟೋರೆಂಟ್ ಬಾಗಿಲು ತೆರೆಯಿತು. ಹಳೆಯ ಎರಡಂತಸ್ತಿನ ಮನೆ. ಹಿಂದೆ ಅಲ್ಲಿ ಕೊಳಾಯಿ ಸಾಮಾನಿನ ಅಂಗಡಿಯಿತ್ತು. ತಟ್ಟೆ, ಚಮಚಗಳೆಲ್ಲ ಹಳೆ ಸಾಮಾನಿನ ಸಂತೆಯಿಂದ ಆರಿಸಿ ತಂದವು, ಒಂದಕ್ಕೊಂದು ಜೋಡಿಯಿಲ್ಲ. ಬಂದು ಕುಳಿತವರಿಗೆಲ್ಲ ಒಂದೇ ಊಟ: ಹಿಟ್ಟಿನ ಹೊದಿಕೆಯಲ್ಲಿ ಬೇಯಿಸಿದ ಮಾಂಸದ ಪಾಟೆ, ಆಲಿವ್ ಹಾಕಿದ ಬಾತುಕೋಳಿ, ಕೊನೆಗೆ ಪ್ಲಮ್ ಹಣ್ಣಿನ ಟಾರ್ಟ್. ಬೆಲೆ 3 ಡಾಲರ್ 95 ಸೆಂಟ್. ಬೇರೇನಾದರೂ ಬೇಕೆಂದರೆ ಇಲ್ಲ.

ರೆಸ್ಟೋರೆಂಟಿನ ಹೆಸರು ಶೇ ಪನೀಸ್. ಮುಖ್ಯ ರೂವಾರಿ 27 ವರ್ಷದ ಆಲಿಸ್ ವಾಟರ್ಸ್. ಆಕೆ ವೃತ್ತಿಯಲ್ಲಿ ಬಾಣಸಿಗಳಲ್ಲ. ಮಾಂಟೆಸೊರಿ ಶಿಕ್ಷಕಿಯಾಗಿ ತರಬೇತಿ ಪಡೆದವಳು. ಇಂದು ಲೋಕದ ದೊಡ್ಡ ನಗರಗಳಲ್ಲೆಲ್ಲ ಕಾಣುವ ದುಬಾರಿ ‘ಸೀಸನಲ್ ಬಿಸ್ಟ್ರೋ’ಗಳು, ಎಂದರೆ ಆಯಾ ಕಾಲದ ತರಕಾರಿ, ಹಣ್ಣು, ಮೀನನ್ನಷ್ಟೇ ಬಡಿಸುತ್ತೇವೆ ಎಂದು ಹೇಳಿಕೊಳ್ಳುವ ಪುಟ್ಟ ಭೋಜನಶಾಲೆಗಳು, ತಮ್ಮ ವಂಶಾವಳಿ ಬಿಡಿಸಿದರೆ ಹೆಚ್ಚಿನವು ಈ ಮನೆಯ ಅಂಗಳಕ್ಕೆ ಬಂದು ನಿಲ್ಲುತ್ತವೆ.

ಇದರಲ್ಲೊಂದು ವಿರೋಧಾಭಾಸವಿದೆ. ಗಿರಾಕಿಗೆ ಆಯ್ಕೆ ಕೊಡುವುದಕ್ಕೆಂದೇ ಬೆಳೆದ ಸಂಸ್ಥೆ ರೆಸ್ಟೋರೆಂಟ್. ಶೇ ಪನೀಸ್ ಅದನ್ನೇ ಕಿತ್ತುಕೊಂಡಿತು.

<b>ಸಾರು ಮಾರಿದ ಅಂಗಡಿ</b>

ಹದಿನೆಂಟನೆಯ ಶತಮಾನದ ನಡುವಿನವರೆಗೂ ಪ್ಯಾರಿಸ್‌ನಲ್ಲಿ ಮನೆಯ ಹೊರಗೆ ಉಣ್ಣಬೇಕಾದವರು ‘ತಾಬ್ಲ್ ದೋತ್’ ಎಂಬ ಸಾಮೂಹಿಕ ಮೇಜಿಗೆ ಹೋಗುತ್ತಿದ್ದರು. ಗೊತ್ತಾದ ಹೊತ್ತಿಗೆ ಹೋಗಬೇಕು, ಅಪರಿಚಿತರ ಪಕ್ಕ ಕೂರಬೇಕು, ಬಡಿಸಿದ್ದನ್ನು ತಿನ್ನಬೇಕು. ಕೈಚುರುಕಿನವನಿಗೆ ಒಳ್ಳೆಯ ತುಂಡು, ಸಂಕೋಚದವನಿಗೆ ಮೂಳೆ.

ಆಗ ‘ರೆಸ್ಟೊರಾಂ’ ಎಂದರೆ ಜಾಗದ ಹೆಸರಲ್ಲ, ಮಾಂಸದ ಗಟ್ಟಿ ಸಾರಿನ ಹೆಸರು. ದೇಹಕ್ಕೆ ಚೇತರಿಕೆ ಕೊಡುವಂಥದ್ದು ಎಂದರ್ಥ. 1765ರಲ್ಲಿ ಬುಲಾಂಜೆ ಎಂಬಾತ ಇಂಥ ಸಾರಿನ ಅಂಗಡಿ ತೆರೆದ, ಕುರಿಯ ಕಾಲಿನ ಅಡುಗೆ ಮಾರಿದ್ದಕ್ಕೆ ಅಡುಗೆಯವರ ಸಂಘ ಆತನನ್ನು ಕೋರ್ಟಿಗೆಳೆಯಿತು, ಆತ ಗೆದ್ದ ಎಂಬ ಕಥೆ ಬಹಳ ಪುಸ್ತಕಗಳಲ್ಲಿದೆ. ಇತಿಹಾಸಕಾರ್ತಿ ರೆಬೆಕ್ಕಾ ಸ್ಪ್ಯಾಂಗ್ ಪ್ಯಾರಿಸ್‌ನ ದಾಖಲೆಗಳನ್ನು ಜಾಲಾಡಿ 2000ದಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ಆಧಾರವೇ ಸಿಗದೆಂದು ತೋರಿಸಿದರು. ಅವರ ಪ್ರಕಾರ ಮೊದಲಿಗ ಮಾತುರಿನ್ ರೋಜ್ ದ ಶಾಂತ್ವಾಜೊ. ಕಾಲ 1766ರ ಸುಮಾರು. ಈ ಮಹಾಶಯ ವ್ಯಾಪಾರಿಗಳ ವಿಳಾಸದ ಪಂಚಾಂಗವೊಂದನ್ನೂ ತಾನೇ ಪ್ರಕಟಿಸುತ್ತಿದ್ದ, ಅದರಲ್ಲಿ ತನ್ನ ಅಂಗಡಿಯ ಜಾಹೀರಾತನ್ನೂ ಸೇರಿಸಿಕೊಳ್ಳುತ್ತಿದ್ದ!

ನಾಜೂಕು ಆರೋಗ್ಯದವರಿಗೆಂದು ಶುರುವಾದ ಈ ಅಂಗಡಿಗಳು ಮೂರು ಹೊಸ ಅನುಕೂಲಗಳನ್ನು ತಂದವು. ಪ್ರತ್ಯೇಕ ಮೇಜು, ಬೇಕಾದ ಹೊತ್ತಿಗೆ ಊಟ, ಬೆಲೆ ಬರೆದ ಪಟ್ಟಿಯಿಂದ ಬೇಕಾದ್ದನ್ನು ಆರಿಸಿಕೊಳ್ಳುವ ಹಕ್ಕು. ರೋಗಿಗೆ ತನ್ನ ಪಥ್ಯ ತನಗೆ ತಾನೆ? ಫ್ರೆಂಚ್ ಕ್ರಾಂತಿಯ ನಂತರ ಪಥ್ಯ ಹೋಯಿತು, ಪಟ್ಟಿ ಉಳಿಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಪುಟಗಟ್ಟಲೆ ಬೆಳೆಯಿತು. ದೊಡ್ಡ ಪಟ್ಟಿಯೇ ದೊಡ್ಡ ರೆಸ್ಟೋರೆಂಟಿನ ಲಕ್ಷಣವೆನಿಸಿತು.

ಈ ವೈಭವದ ಎದುರು ಬೀದಿಯಲ್ಲಿದ್ದದ್ದು ಬಿಸ್ಟ್ರೋ. ಮಾಲೀಕನೇ ಬಡಿಸುವ ಪುಟ್ಟ ಅಂಗಡಿ. ಅಗ್ಗದ ವೈನ್, ಒಂದೆರಡು ಬಗೆಯ ಬಿಸಿ ಅಡುಗೆ, ಅವತ್ತಿನ ವಿಶೇಷ ಗೋಡೆಯ ಕಪ್ಪುಹಲಗೆಯ ಮೇಲೆ. ಈ ಪದದ ಬಗೆಗೂ ಒಂದು ದಂತಕಥೆಯುಂಟು. 1814ರಲ್ಲಿ ನೆಪೋಲಿಯನ್ ಸೋತಾಗ ಪ್ಯಾರಿಸ್‌ಗೆ ನುಗ್ಗಿದ ರಷ್ಯನ್ ಸೈನಿಕರು ‘ಬೀಸ್ತ್ರಾ’ (ಬೇಗ) ಎಂದು ಕೂಗುತ್ತ ಅವಸರಪಡಿಸಿದರಂತೆ, ಅದರಿಂದ ಬಿಸ್ಟ್ರೋ ಬಂತಂತೆ. ಮೋಂಮಾರ್ತ್ರ ಗುಡ್ಡದ ಮೇಲಿನ ಹೋಟೆಲೊಂದರ ಗೋಡೆಗೆ ಹಾಗೆಂದು ಫಲಕವನ್ನೇ ಹೊಡೆಸಲಾಗಿದೆ. ಆದರೆ ಈ ಪದ ಫ್ರೆಂಚ್ ಬರವಣಿಗೆಯಲ್ಲಿ ಮೊದಲು ಕಾಣುವುದು 1880ರ ದಶಕದಲ್ಲಿ. ಎಪ್ಪತ್ತು ವರ್ಷ ಯಾರ ಬಾಯಲ್ಲೂ ಇಲ್ಲದ ಪದ ಇದ್ದಕ್ಕಿದ್ದಂತೆ ಎಲ್ಲಿಂದ ಬಂತು? ಭಾಷಾಶಾಸ್ತ್ರಜ್ಞರು ಈ ಕಥೆಯನ್ನು ಒಪ್ಪುವುದಿಲ್ಲ.

<b>ಬರ್ಕ್‌ಲಿಯ ಹುಡುಗಿ</b>

ವಾಟರ್ಸ್ 1965ರಲ್ಲಿ ವಿದ್ಯಾರ್ಥಿನಿಯಾಗಿ ಫ್ರಾನ್ಸಿಗೆ ಹೋದಾಗ ಮನಸೋತದ್ದು ಬೀದಿಯ ಸಂತೆಗಳಿಗೆ, ಇಂಥ ಸಣ್ಣ ಊಟದ ಮನೆಗಳಿಗೆ. ಬೆಳಗ್ಗೆ ಸಂತೆಯಲ್ಲಿ ಕಂಡದ್ದು ಮಧ್ಯಾಹ್ನ ತಟ್ಟೆಯಲ್ಲಿ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ, ಚೈತ್ರದಲ್ಲಿ ಮಾವಿನಕಾಯಿ ಚಿತ್ರಾನ್ನ ಉಂಡು ಬೆಳೆದ ಕನ್ನಡ ಓದುಗನಿಗೆ ಇದರಲ್ಲಿ ಹೊಸದೇನೂ ಕಾಣದು. ಡಬ್ಬಿ ಮತ್ತು ಫ್ರೀಜರಿನ ಊಟದಲ್ಲಿ ಬೆಳೆದ ಅಮೆರಿಕದ ಹುಡುಗಿಗೆ ಅದು ಹೊಸ ಲೋಕ.

ಊರಿಗೆ ಮರಳಿದಾಗ ಬರ್ಕ್‌ಲಿ ವಿಶ್ವವಿದ್ಯಾಲಯ ವಾಕ್ ಸ್ವಾತಂತ್ರ್ಯ ಚಳವಳಿಯಿಂದ, ವಿಯೆಟ್ನಾಂ ಯುದ್ಧ ವಿರೋಧದಿಂದ ಕಾದಿತ್ತು. ಗೆಳೆಯರಿಗೆ ಅಡುಗೆ ಮಾಡಿ ಹಾಕುತ್ತಿದ್ದವಳು ರೆಸ್ಟೋರೆಂಟ್ ತೆರೆಯಲು ಹೊರಟಾಗ ತಂದೆ ಮನೆಯನ್ನು ಅಡವಿಟ್ಟು ಹಣ ಕೊಟ್ಟರು. ಹೆಸರು ಸಿಕ್ಕಿದ್ದು ಸಿನಿಮಾದಿಂದ. ಮಾರ್ಸೆಲ್ ಪಾನ್ಯೊಲ್‌ನ 1930ರ ದಶಕದ ಚಿತ್ರತ್ರಯದಲ್ಲಿ ಪನೀಸ್ ಎಂಬ ಹಾಯಿ ವ್ಯಾಪಾರಿ ಬರುತ್ತಾನೆ. ಬೇರೊಬ್ಬನ ಮಗುವಿಗೆ ಗರ್ಭಿಣಿಯಾದವಳನ್ನು ಮದುವೆಯಾಗುವ ದೊಡ್ಡ ಮನಸ್ಸಿನವನು. ಲೆಕ್ಕಪತ್ರದ ಕಡೆ ಗಮನವಿಲ್ಲದೆ ಮೊದಲ ಕೆಲ ವರ್ಷ ನಷ್ಟದಲ್ಲೇ ನಡೆದ ಅಂಗಡಿಗೆ ಹೊಂದುವ ಹೆಸರೇ.

ದಿನಕ್ಕೊಂದೇ ಊಟ ಎಂಬ ನಿಯಮ ಮೊದಲಿಗೆ ಸಿದ್ಧಾಂತಕ್ಕಿಂತ ಅನುಕೂಲದ ಮಾತು. ಪುಟ್ಟ ಅಡುಗೆಮನೆಗೆ ಇಪ್ಪತ್ತು ಬಗೆ ಮಾಡಲಾಗದು. ಆದರೆ ಇದರಿಂದ ಒಂದು ಬಾಗಿಲು ತೆರೆಯಿತು. ಪಟ್ಟಿಯಲ್ಲಿ ಮೂವತ್ತು ಹೆಸರು ಅಚ್ಚು ಹಾಕಿಸಿದ ಹೋಟೆಲಿನವನು ಜನವರಿಯಲ್ಲೂ ಟೊಮೆಟೊ ತರಲೇಬೇಕು. ಪಟ್ಟಿಯನ್ನು ದಿನವೂ ಹೊಸದಾಗಿ ಬರೆಯುವವನಿಗೆ ಆ ಹಂಗಿಲ್ಲ. ಸಂತೆಗೆ ಏನು ಬಂದಿದೆಯೋ ನೋಡಿ ಅಡುಗೆ ನಿರ್ಧರಿಸಬಹುದು.

ಸಮಸ್ಯೆ ಇದ್ದದ್ದು ಸಂತೆಯಲ್ಲೇ. ಕ್ಯಾಲಿಫೋರ್ನಿಯಾ ಅಮೆರಿಕದ ತರಕಾರಿ ತೋಟ ನಿಜ. ಆದರೆ ಅಲ್ಲಿ ಬೆಳೆಯುತ್ತಿದ್ದದ್ದು ಲಾರಿ ಪ್ರಯಾಣ ತಾಳುವ ಮಾಲು. ಇದೇ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ, ಬರ್ಕ್‌ಲಿಯಿಂದ ನೂರು ಕಿಲೋಮೀಟರಿನೊಳಗೆ, ವಿಜ್ಞಾನಿಗಳು ಟೊಮೆಟೊ ಕೀಳುವ ಯಂತ್ರವನ್ನೂ, ಆ ಯಂತ್ರದ ಪೆಟ್ಟಿಗೆ ಒಡೆಯದ ಗಟ್ಟಿ ಟೊಮೆಟೊ ತಳಿಯನ್ನೂ ಜೊತೆಜೊತೆಯಾಗಿ ರೂಪಿಸಿದ್ದರು. ಮೆಕ್ಸಿಕೊದ ಕೂಲಿಗಳನ್ನು ತರುವ ಬ್ರಸೆರೊ ಯೋಜನೆ 1964ರ ಕೊನೆಗೆ ನಿಂತದ್ದೇ ತಡ, ಸಾಸ್ ಮತ್ತು ಡಬ್ಬಿಗೆ ಹೋಗುವ ಟೊಮೆಟೊದ ಕೊಯ್ಲೆಲ್ಲ ಯಂತ್ರದ ಪಾಲಾಯಿತು. 1960ರ ದಶಕದ ಆರಂಭದಲ್ಲಿ ಸುಮಾರು 4,000 ಇದ್ದ ಇಂಥ ಟೊಮೆಟೊ ಬೆಳೆಗಾರರು 1973ರ ವೇಳೆಗೆ 600ರಷ್ಟಕ್ಕೆ ಇಳಿದರು. ಯಂತ್ರ ಕೊಳ್ಳಲಾರದ ಸಣ್ಣ ರೈತ ಕಣ ಬಿಟ್ಟ. ಹಣ್ಣು ಅಗ್ಗವಾಯಿತು, ರುಚಿಯ ಪ್ರಶ್ನೆ ಯಾರೂ ಕೇಳಲಿಲ್ಲ.

ಶೇ ಪನೀಸ್‌ನವರು ಕೇಳಿದರು. ರಸ್ತೆಬದಿಗಳಲ್ಲಿ, ತೊರೆಗಳಲ್ಲಿ ಸೊಪ್ಪು ಕಿತ್ತರು, ಪರಿಚಯದವರ ಹಿತ್ತಲಿನ ನಿಂಬೆ, ಅಂಜೂರ ತಂದರು, ಫ್ರಾನ್ಸಿನಿಂದ ಬೀಜ ತರಿಸಿ ಎಳೆ ಲೆಟಿಸ್ ಬೆಳೆದರು. ಆದರೂ ಪಟ್ಟಿ ಫ್ರೆಂಚಿನಲ್ಲೇ ಇರುತ್ತಿತ್ತು, ಮಾದರಿ ಫ್ರಾನ್ಸಿನದೇ.

<b>ಅಂಕಿತನಾಮಗಳ ಊಟ</b>

ತಿರುವು ಬಂದದ್ದು 1976ರ ಅಕ್ಟೋಬರ್ 7ರಂದು. ಆಗ ಅಡುಗೆಮನೆಯ ಮುಖ್ಯಸ್ಥ ಜೆರೆಮಯ ಟವರ್, ಹಾರ್ವರ್ಡ್‌ನಲ್ಲಿ ವಾಸ್ತುಶಿಲ್ಪ ಓದಿದವನು. ಆ ರಾತ್ರಿ ಆತ ಬಡಿಸಿದ್ದು ‘ಉತ್ತರ ಕ್ಯಾಲಿಫೋರ್ನಿಯಾದ ಪ್ರಾದೇಶಿಕ ಭೋಜನ’. ಟೊಮಾಲೆಸ್ ಕೊಲ್ಲಿಯ ಆಯ್ಸ್ಟರ್, ಬಿಗ್ ಸರ್‌ನ ಟ್ರೌಟ್ ಮೀನು, ಮಾಂಟೆರೆ ಕೊಲ್ಲಿಯ ಸೀಗಡಿ, ಸೊನೋಮಾದ ಚೀಸ್, ಸ್ಯಾನ್ ಫ್ರಾನ್ಸಿಸ್ಕೊ ರೈತ ಸಂತೆಯ ಪೇರ್ ಹಣ್ಣು. ಬೆಲೆ 20 ಡಾಲರ್. ಪಟ್ಟಿ ಇಂಗ್ಲಿಷಿನಲ್ಲಿತ್ತು, ಹೆಚ್ಚಿನ ಪದಾರ್ಥಗಳಿಗೆ ಅವುಗಳ ಊರಿನ ಹೆಸರು ಅಂಟಿತ್ತು. ಇಂದು ಬಿಸ್ಟ್ರೋಗಳ ಪಟ್ಟಿಯಲ್ಲಿ ‘ಇಂಥ ತೋಟದ ಬೀಟ್‌ರೂಟ್’ ಎಂದು ಓದಿ ಕೆಲವರಿಗೆ ನಗು ಬರುವುದುಂಟು. ಆ ಚಾಳಿಗೆ ಅಡಿಪಾಯ ಈ ರಾತ್ರಿಯದು.

ಊರಿನ ಹೆಸರಿನ ಹಿಂದೆ ಬೆಳೆಗಾರನ ಹೆಸರೂ ಬಂತು. ಸೊನೋಮಾದ ಲಾರಾ ಶೆನೆಲ್ ಮಾಡುತ್ತಿದ್ದ ಮೇಕೆ ಹಾಲಿನ ಚೀಸ್ ಬಿಸಿ ಸಲಾಡ್ ಆಗಿ ದೇಶದ ತುಂಬ ನಕಲಾಯಿತು. ರೆಸ್ಟೋರೆಂಟಿನಲ್ಲಿ ಎಂಜಲು ತಟ್ಟೆ ಎತ್ತುತ್ತ ಕೆಲಸ ಆರಂಭಿಸಿದ ಸ್ಟೀವ್ ಸುಲಿವನ್ ಬ್ರೆಡ್ ಸುಡುವುದು ಕಲಿತು 1983ರಲ್ಲಿ ಆಕ್ಮೆ ಬೇಕರಿ ತೆರೆದ. ಎಂಬತ್ತರ ದಶಕದ ನಡುವಿನಲ್ಲಿ ಬಾಬ್ ಕ್ಯಾನರ್ಡ್ ಎಂಬ ರೈತನೊಂದಿಗೆ ನೇರ ಒಪ್ಪಂದವಾಯಿತು. ಲಾರಿ ತರಕಾರಿ ಹೊತ್ತು ಬರುತ್ತದೆ, ಅಡುಗೆಮನೆಯ ಕಸ ಹೊತ್ತು ಗೊಬ್ಬರಕ್ಕೆಂದು ಹೊಲಕ್ಕೆ ಮರಳುತ್ತದೆ. ಸಣ್ಣ ರೈತನಿಗೆ ಬೇಕಾದದ್ದು ಹೊಗಳಿಕೆಯಲ್ಲ, ಬೆಳೆದದ್ದನ್ನೆಲ್ಲ ತಕ್ಕ ಬೆಲೆಗೆ ಕೊಳ್ಳುವ ಖಾಯಂ ಗಿರಾಕಿ. ಅದು ಆತನಿಗೆ ಸಿಕ್ಕಿತು.

1980ರ ಏಪ್ರಿಲ್ 1ರಂದು ಮೇಲಂತಸ್ತಿನಲ್ಲಿ ಕೆಫೆ ಶುರುವಾಯಿತು. ಅಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಬಹುದು, ಕಡಿಮೆ ಖರ್ಚಿನಲ್ಲಿ ಉಣ್ಣಬಹುದು. ಅಂದರೆ 1766ರ ಪ್ಯಾರಿಸ್ ಮೇಲೆ, ಅದಕ್ಕೂ ಹಿಂದಿನ ಪ್ಯಾರಿಸ್ ಕೆಳಗೆ! 1982ರಲ್ಲಿ ಬೆಂಕಿ ಬಿದ್ದು ಅಡುಗೆಮನೆಗೂ ಊಟದ ಕೋಣೆಗೂ ನಡುವಿನ ಗೋಡೆ ಸುಟ್ಟುಹೋಯಿತು. ಅದನ್ನು ಮತ್ತೆ ಕಟ್ಟಲಿಲ್ಲ. ಅಂದಿನಿಂದ ಉಣ್ಣುವವರಿಗೆ ಬೇಯಿಸುವವರು ಕಾಣುತ್ತಾರೆ.

<b>ಯಾರ ತಟ್ಟೆಗೆ?</b>

ಅತ್ತ ಫ್ರಾನ್ಸಿನಲ್ಲಿ 1992ರಲ್ಲಿ ಈವ್ ಕಾಮ್‌ದಬೋರ್ದ್ ಎಂಬ ತರುಣ, ಪ್ಯಾರಿಸ್‌ನ ಐಷಾರಾಮಿ ಕ್ರಿಯೋಂ ಹೋಟೆಲಿನ ಕೆಲಸ ಬಿಟ್ಟು ನಗರದ ಅಂಚಿನಲ್ಲಿ ‘ಲಾ ರೆಗಲಾದ್’ ತೆರೆದ. ದೊಡ್ಡ ಹೋಟೆಲಿನ ಕೈಚಳಕ, ಬಿಸ್ಟ್ರೋದ ಕುರ್ಚಿ, ಸಂತೆಯ ಸಾಮಾನು, ಕೈಗೆಟುಕುವ ಬೆಲೆ. ಮುಂದೆ ಇದಕ್ಕೆ ‘ಬಿಸ್ಟ್ರೊನಮಿ’ ಎಂದು ಹೆಸರೂ ಬಿತ್ತು. ಅಲ್ಲಿ ದುಬಾರಿ ಊಟ ಕೆಳಗಿಳಿದು ಬಿಸ್ಟ್ರೋ ಆಯಿತು. ಕ್ಯಾಲಿಫೋರ್ನಿಯಾದಲ್ಲಿ ನಡೆದದ್ದು ತದ್ವಿರುದ್ಧ.

1971ರ 3 ಡಾಲರ್ 95 ಸೆಂಟ್ ಇಂದಿನ ಲೆಕ್ಕಕ್ಕೆ ಸುಮಾರು 30 ಡಾಲರ್. ಆದರೆ ಕೆಳ ಅಂತಸ್ತಿನ ಊಟಕ್ಕೆ ಈಗ ತಲೆಗೆ ನೂರು ಡಾಲರಿಗೂ ಎಷ್ಟೋ ಮಿಗಿಲು. ಹಣದುಬ್ಬರ ಒಂದರಿಂದ ಇದನ್ನು ವಿವರಿಸಲಾಗದು. ಕಳೆ ತೆಗೆಯುವ, ಎಳೆ ಎಲೆ ಒಂದೊಂದಾಗಿ ಕೀಳುವ ಕೈಗಳ ಕೂಲಿ ಅದರಲ್ಲಿದೆ, ಖ್ಯಾತಿಯ ಬೆಲೆಯೂ ಇದೆ. 2009ರಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲಿ ದುಬಾರಿ ದ್ರಾಕ್ಷಿಯ ಬಗ್ಗೆ ಕೇಳಿದಾಗ ವಾಟರ್ಸ್, ಜನ ಶೂಗಳಿಗೆ ಖರ್ಚು ಮಾಡುವುದಿಲ್ಲವೇ ಎಂಬರ್ಥದಲ್ಲಿ ಉತ್ತರಿಸಿ ಟೀಕೆಗೆ ಗುರಿಯಾದರು. ಟೀಕೆ ಅನ್ಯಾಯವೇನಲ್ಲ. ಇದೇ ರಾಜ್ಯದ ಡೆಲಾನೊದಲ್ಲಿ ದ್ರಾಕ್ಷಿ ಕೀಳುವವರು 1965ರಿಂದ 1970ರವರೆಗೆ ಐದು ವರ್ಷ ಮುಷ್ಕರ ಹೂಡಬೇಕಾಯಿತು. ಆ ದ್ರಾಕ್ಷಿಯನ್ನು ಕಿತ್ತವರಿಗೆ ಕೊಳ್ಳುವ ಶಕ್ತಿ ಇತ್ತೇ ಎಂಬುದು ಆಗಿನ ಪ್ರಶ್ನೆಯೂ ಹೌದು, ಈಗಿನದೂ ಹೌದು. ವರ್ಷವಿಡೀ ಏನಾದರೊಂದು ಬೆಳೆಯುವ ಕ್ಯಾಲಿಫೋರ್ನಿಯಾದಲ್ಲಿ ಋತುವಿನ ವ್ರತ ಸುಲಭ, ಆರು ತಿಂಗಳು ಹಿಮ ಬೀಳುವೆಡೆ ಏನು ಗತಿ ಎಂಬ ಕೊಂಕಿನಲ್ಲೂ ಸತ್ಯವಿದೆ.

ವಾಟರ್ಸ್ ಇದಕ್ಕೆ ಕೊಟ್ಟ ಉತ್ತರ ರೆಸ್ಟೋರೆಂಟಿನಲ್ಲಿಲ್ಲ, ಅದೇ ಊರಿನ ಮಾರ್ಟಿನ್ ಲೂಥರ್ ಕಿಂಗ್ ಶಾಲೆಯಲ್ಲಿದೆ. 1995ರಲ್ಲಿ ಅಲ್ಲಿ ಸುಮಾರು ಒಂದು ಎಕರೆ ಡಾಂಬರು ನೆಲ ಕಿತ್ತು ತೋಟ ಮಾಡುವ ಕೆಲಸ ಶುರುವಾಯಿತು. ಪಕ್ಕದಲ್ಲೇ ಅಡುಗೆ ಕೋಣೆ. ಮಕ್ಕಳು ತರಗತಿಯ ಭಾಗವಾಗಿಯೇ ಬಿತ್ತುತ್ತಾರೆ, ಕೀಳುತ್ತಾರೆ, ಬೇಯಿಸಿ ಒಟ್ಟಿಗೆ ಕೂತು ಉಣ್ಣುತ್ತಾರೆ. 2022-23ರ ಶಾಲಾ ವರ್ಷದಿಂದ ಕ್ಯಾಲಿಫೋರ್ನಿಯಾ ತನ್ನ ಎಲ್ಲ ಸರ್ಕಾರಿ ಶಾಲೆಗಳ ಮಕ್ಕಳಿಗೂ, ಮನೆಯ ಆದಾಯ ಕೇಳದೆ, ದಿನಕ್ಕೆ ಎರಡು ಹೊತ್ತು ಉಚಿತ ಊಟ ಕೊಡುತ್ತಿದೆ. ಆ ಲಕ್ಷಾಂತರ ತಟ್ಟೆಗಳಿಗೆ ಬೇಕಾದ ತರಕಾರಿಯನ್ನು ಹತ್ತಿರದ ಸಣ್ಣ ರೈತರಿಂದಲೇ ಕೊಳ್ಳಬೇಕೆಂಬುದು ಎಂಬತ್ತು ದಾಟಿದ ವಾಟರ್ಸ್ ಅವರ ಈಗಿನ ಹಟ. ಶ್ಯಾಟಕ್ ಅವೆನ್ಯೂದ ಕೆಳ ಅಂತಸ್ತಿನಲ್ಲಿ ಮಾತ್ರ ಪಟ್ಟಿ ಬದಲಾಗುತ್ತಲೇ ಇದೆ, ಆಯ್ಕೆ ಅಂದಿನಷ್ಟೇ.