ಹಲಗೆ ಹಾಕುವ ದಿನ: ಮಟ್ಟುವಿನ ಗುಳ್ಳ ಮತ್ತು ಬೇಡದ ಉಪ್ಪಿನ ಚರಿತ್ರೆ

ಇವತ್ತು ಉಪ್ಪಿನ ವಿಷಯ ಮಾತಾಡುವ.

ಉಪ್ಪಿನ ಚರಿತ್ರೆ ಅಂದ ಕೂಡ್ಲೇ ನಮಗೆಲ್ಲ ನೆನಪಾಗುವುದು 1930ನೇ ಇಸವಿ. ಏಪ್ರಿಲ್ 6ಕ್ಕೆ ದಂಡಿಯಲ್ಲಿ ಗಾಂಧೀಜಿ ಉಪ್ಪಿನ ಕಾನೂನು ಮುರಿದರು. ಒಂದು ವಾರ ಕಳೆದು ಏಪ್ರಿಲ್ 13ಕ್ಕೆ ಅಂಕೋಲೆಯಲ್ಲಿ ನಮ್ಮವರೂ ಮುರಿದರು. ಅದು ಜನರಿಗೆ ಬೇಕಾಗಿದ್ದ ಉಪ್ಪು. ಆದರೆ ಕರಾವಳಿಯಲ್ಲಿ ಇನ್ನೊಂದು ಉಪ್ಪು ಉಂಟು. ಯಾರಿಗೂ ಬೇಡದ್ದು, ಕರೆಯದೆ ಗದ್ದೆಗೆ, ಬಾವಿಗೆ, ಮನೆ ಅಂಗಳಕ್ಕೆ ಬರುವಂಥದ್ದು. ಅದರ ಚರಿತ್ರೆ ಯಾವ ಪಠ್ಯಪುಸ್ತಕದಲ್ಲೂ ನಮಗೆ ಸಿಗುವುದಿಲ್ಲ.

ಅಮೆರಿಕ, ಕೆನಡಾದಲ್ಲಿ ಮಕ್ಕಳಿರುವವರಿಗೆ ಒಂದು ಸಂಗತಿ ಗೊತ್ತಿರಬಹುದು. ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲಿಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಹಿಮ ಹೋದ ಮೇಲೆ ನೋಡಿದರೆ ಮನೆ ಎದುರಿನ ಹುಲ್ಲು, ಬೇಲಿಯ ಗಿಡ ಸುಟ್ಟ ಹಾಗೆ ಕಾಣುತ್ತದೆ. ನಮ್ಮಲ್ಲಿ ರಸ್ತೆಗೆ ಉಪ್ಪುನೀರು ಬೀಳುವುದು ಅಂದರೆ ಮೀನಿನ ಲಾರಿ ಸೋರಿದಾಗ ಮಾತ್ರ! ಆದರೆ ಗಿಡ ಸಾಯುವ ರೀತಿ ಅಲ್ಲೂ ಇಲ್ಲೂ ಒಂದೇ. ಮಣ್ಣಲ್ಲಿ ಉಪ್ಪು ಜಾಸ್ತಿಯಾದರೆ ನೀರಿದ್ದೂ ಬೇರಿಗೆ ಅದನ್ನು ಎಳೆದುಕೊಳ್ಳಲಿಕ್ಕೆ ಆಗುವುದಿಲ್ಲ. ಎಲೆಯ ತುದಿ, ಅಂಚು ಮೊದಲು ಕಂದುತ್ತದೆ. ನಾವು ನೀರು ಸಾಲಲಿಲ್ಲ ಅಂತ ಅದೇ ಬಾವಿಯ ನೀರನ್ನು ಮತ್ತೆ ಹಾಕುತ್ತೇವೆ. ಅಲ್ಲಿಗೆ ಕತೆ ಮುಗಿಯಿತು.

ಒಂದು ಲೆಕ್ಕ ಹೇಳುತ್ತೇನೆ. ಒಂದು ಲೀಟರ್ ಸಮುದ್ರದ ನೀರಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. 10 ಲೀಟರಿನ ಕೊಡಪಾನದಲ್ಲಿ 350 ಗ್ರಾಂ. ನಮ್ಮ ಹಿರಿಯರು ತೆಂಗಿನ ಬುಡಕ್ಕೆ ಕೈಯಾರೆ ಉಪ್ಪು ಹಾಕುತ್ತಿದ್ದರು, ತೆಂಗು ಅದನ್ನು ತಡೆದುಕೊಳ್ಳುತ್ತದೆ. ಆದರೆ ಅದೇ ಅಂಗಳದ ಅಡಿಕೆ, ಬಸಳೆ, ಮಲ್ಲಿಗೆ ತಡೆದುಕೊಳ್ಳುವುದಿಲ್ಲ.

ಈಗ ಕಾಪು ತಾಲೂಕಿನ ಮಟ್ಟುವಿಗೆ ಬನ್ನಿ. ಕಟಪಾಡಿಯಿಂದ ಪಡುವಣಕ್ಕೆ ಹೋದರೆ ಸಿಗುವ ಊರು. ಪಕ್ಕದಲ್ಲಿ ಸಮುದ್ರ, ಹತ್ತಿರದಲ್ಲೇ ಪಿನಾಕಿನಿ ಹೊಳೆ. ಇಲ್ಲಿ ಬೆಳೆಯುವ ಗುಳ್ಳ, ಅಂದರೆ ತಿಳಿಹಸಿರು ಬಣ್ಣದ ಉರುಟು ಬದನೆ, ಯಾರಿಗೆ ಗೊತ್ತಿಲ್ಲ? ಸೋದೆಯ ವಾದಿರಾಜರು ಇದರ ಬೀಜವನ್ನು ಮಟ್ಟುವಿನವರಿಗೆ ಕೊಟ್ಟರು ಅನ್ನುವುದು ಊರಿನ ನಂಬಿಕೆ. ಉಡುಪಿಯಲ್ಲಿ ಎರಡು ವರ್ಷದ ಪರ್ಯಾಯ ಪದ್ಧತಿ ತಂದವರೂ ಅವರೇ ಅಲ್ವಾ, 1522ರಲ್ಲಿ. ಇವತ್ತಿಗೂ ಪರ್ಯಾಯದ ಹೊರೆಕಾಣಿಕೆಗೆ ಮಟ್ಟುವಿನಿಂದ ಗುಳ್ಳ ಹೋಗುತ್ತದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ, ಜಿಐ ಟ್ಯಾಗ್ ಸಿಕ್ಕಿತು. ಅಂದರೆ ಈ ಹೆಸರು ಈ ಮಣ್ಣಿಗೇ ಸೇರಿದ್ದು.

ಕಷ್ಟ ಇರುವುದು ಇಲ್ಲಿಯೇ. ಮಳೆಗಾಲದಲ್ಲಿ ಗದ್ದೆಯಲ್ಲಿ ಏಣೆಲು ಭತ್ತ. ಆಗ ಹೊಳೆ ತುಂಬಿ ಸಮುದ್ರವನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ, ಉಪ್ಪಿನ ಹೆದರಿಕೆ ಇಲ್ಲ. ಭತ್ತ ಕೊಯ್ದ ಮೇಲೆ ಅದೇ ಗದ್ದೆಗೆ ಗುಳ್ಳ ಬರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಹೊಳೆ ಬಡವಾಗುತ್ತದೆ, ಉಬ್ಬರದ ನೀರು ಒಳಗೆ ಬರಲಿಕ್ಕೆ ಸುರು. ಅಮಾವಾಸ್ಯೆ, ಹುಣ್ಣಿಮೆಗೆ ಇನ್ನೂ ಮೇಲೆ ಏರುತ್ತದೆ. ಅಂದರೆ ಗುಳ್ಳದ ಕಾಲ ಯಾವುದೋ ಉಪ್ಪಿನ ಕಾಲವೂ ಅದೇ.

ಹಾಗಾದರೆ ಜನ ಏನು ಮಾಡಿದರು? ಉತ್ತರ ಕನ್ನಡದ ಅಘನಾಶಿನಿ ಬದಿಯ ಗಜನಿ ಗದ್ದೆಗಳಲ್ಲಿ ಉಪ್ಪನ್ನು ತಡೆದುಕೊಳ್ಳುವ ಕಗ್ಗ ಭತ್ತವನ್ನೇ ಬೆಳೆಸಿಕೊಂಡು ಬಂದರು, ಉಪ್ಪಿನ ಜೊತೆ ರಾಜಿ ಮಾಡಿಕೊಂಡರು. ಗುಳ್ಳಕ್ಕೆ ಆ ರಾಜಿ ಆಗುವುದಿಲ್ಲ. ಹಾಗಾಗಿ ಬಾಗಿಲು ಹಾಕುವುದೊಂದೇ ದಾರಿ.

ತುಳುನಾಡಿನಲ್ಲಿ ಆ ಬಾಗಿಲಿಗೆ ಕಟ್ಟ ಅಂತ ಹೆಸರು. ಮಳೆ ನಿಂತ ಮೇಲೆ ಗದ್ದೆಯವರೆಲ್ಲ ಸೇರಿ ಹೊಳೆಗೆ, ತೋಡಿಗೆ ಅಡ್ಡವಾಗಿ ಗೂಟ ಹೊಡೆದು, ಮಣ್ಣು ಸೊಪ್ಪು ತುಂಬಿಸಿ ಕಟ್ಟುತ್ತಿದ್ದರು. ಮುಂದಿನ ಮಳೆಗೆ ಅದು ಕೊಚ್ಚಿಕೊಂಡು ಹೋಗುತ್ತಿತ್ತು. ಮತ್ತೆ ಕಟ್ಟುವುದು. ವರ್ಷ ವರ್ಷ ಇದೇ ಕೆಲಸ. ತುಂಬಾ ಕಷ್ಟ, ಸುಳ್ಳಲ್ಲ. ಆದರೆ ಯಾವಾಗ ಕಟ್ಟಬೇಕು, ಎಲ್ಲಿ ಸೋರುತ್ತದೆ ಅನ್ನುವುದು ಗದ್ದೆಗೆ ಇಳಿಯುವ ಪ್ರತಿಯೊಬ್ಬನಿಗೂ ಗೊತ್ತಿತ್ತು.

ಆಮೇಲೆ ಸಿಮೆಂಟಿನ ಕಿಂಡಿ ಅಣೆಕಟ್ಟು ಬಂತು. ಮಳೆಗಾಲ ಕಳೆದ ಮೇಲೆ ಕಿಂಡಿಗೆ ಹಲಗೆ ಹಾಕುವುದು, ಮಳೆ ಬರುವ ಮೊದಲು ತೆಗೆಯುವುದು. ಒಳ್ಳೆಯ ವ್ಯವಸ್ಥೆಯೇ. ಆದರೆ ಹಲಗೆ ಹಳತಾದರೆ, ಹಾಕಲಿಕ್ಕೆ ತಡವಾದರೆ, ಎಡೆಯಲ್ಲಿ ಬಿರುಕು ಬಿಟ್ಟರೆ? ಕಟ್ಟ ಊರಿನದ್ದಾಗಿತ್ತು, ಹಲಗೆ ಟೆಂಡರಿನದ್ದು. ಒಂದು ಉಬ್ಬರ ಒಳಗೆ ಬಂದರೆ ಸಾಕು, ಹೂ ಬಿಟ್ಟ ಗಿಡ ನಿಂತಲ್ಲೇ ಬಾಡುತ್ತದೆ. ಮಟ್ಟುವಿನ ಗದ್ದೆಗಳಿಗೆ ಹೀಗೆ ಉಪ್ಪುನೀರು ನುಗ್ಗಿದ ಸುದ್ದಿಯನ್ನು ನೀವು ಪತ್ರಿಕೆಯಲ್ಲಿ ಓದಿಯೇ ಇರುತ್ತೀರಿ.

ಮಣಿಪಾಲದವರು, ಕಾರ್ಕಳದವರು ಇದು ನಮಗೆ ಸಂಬಂಧ ಇಲ್ಲ ಅಂದುಕೊಳ್ಳಬೇಡಿ. ಸ್ವರ್ಣಾ ನದಿ ಕಾರ್ಕಳ ತಾಲೂಕು ದಾಟಿ ಬರುತ್ತದೆ. ಬಜೆ ಅಣೆಕಟ್ಟಿನಲ್ಲಿ ನಿಂತು ಉಡುಪಿ, ಮಣಿಪಾಲಕ್ಕೆ ಕುಡಿಯುವ ನೀರಾಗುತ್ತದೆ. ಯಾವ ಹೊಳೆಯೇ ಆಗಲಿ, ಮೇಲಿಂದ ಸಿಹಿನೀರು ಕಡಿಮೆ ಬಂದಷ್ಟು ಕೆಳಗೆ ಉಪ್ಪು ಒಳಗೆ ಬರುತ್ತದೆ. ಸಮುದ್ರದ ಬದಿಯ ಮನೆಗಳಲ್ಲಿ ಬೇಸಗೆಯಲ್ಲಿ ಪಂಪು ಜಾಸ್ತಿ ಓಡಿಸಿದರೆ ಬಾವಿಯೂ ಹಾಗೆಯೇ ಉಪ್ಪಾಗುತ್ತದೆ.

ಉಪ್ಪು ತಾಗಿದ ಗಿಡಕ್ಕೆ ಮದ್ದು ಏನು ಅಂತ ಕೇಳಿದರೆ, ಸಿಹಿನೀರು. ಮಣ್ಣು ತೊಳೆದು ಹೋಗುವಷ್ಟು ಹಾಕಬೇಕು, ಅದು ಬಸಿದು ಹೋಗಲಿಕ್ಕೆ ದಾರಿಯೂ ಬೇಕು. ಅಂಟುಮಣ್ಣು ಬಿಗಿದುಕೊಂಡಿದ್ದರೆ ಜಿಪ್ಸಂ ಸ್ವಲ್ಪ ಸಹಾಯ ಮಾಡುತ್ತದೆ. ಅಂಗಳದ ನಾಲ್ಕು ಗಿಡಕ್ಕೆ ಇದು ಆಗುತ್ತದೆ. ಗದ್ದೆಗೆ ಅಷ್ಟು ನೀರು ಕೊಡುವುದು ಜೂನ್ ತಿಂಗಳ ಮಳೆ ಮಾತ್ರ. ಮಳೆ ಮಣ್ಣನ್ನು ತೊಳೆದು ಕೊಡುತ್ತದೆ, ಆದರೆ ಹೋದ ಬೆಳೆ ಹೋಯಿತು. ಈ ಊರು ಬಿಟ್ಟರೆ ಬೇರೆಲ್ಲೂ ಆ ರುಚಿ ಬರುವುದಿಲ್ಲ ಅನ್ನುವ ಬೆಳೆ ಅದು. ಎರಡು ಮೂರು ವರ್ಷ ಹೀಗೇ ಆದರೆ ಮುಂದೆ ಬೆಳೆಯುವ ಧೈರ್ಯ ಯಾರಿಗೆ ಉಂಟು?

ಹಾಗಾಗಿ ಮುಂದಿನ ಸಲ ಗುಳ್ಳದ ಸಾಂಬಾರು ಉಣ್ಣುವಾಗ ಒಂದು ವಿಷಯ ನೆನಪಿಡಿ. ವಾದಿರಾಜರು ಕೊಟ್ಟರು ಅನ್ನುವ ಬೀಜವನ್ನು ಇಷ್ಟು ಕಾಲ ಉಳಿಸಿದ್ದು ಮಳೆ ನಿಂತ ತಕ್ಷಣ ಹೊಳೆಗೆ ಇಳಿದು ಕಟ್ಟ ಕಟ್ಟಿದ ಕೈಗಳು. ಈಗ ಆ ಕೆಲಸ ಹಲಗೆಯದ್ದು. ಅದನ್ನು ಯಾವ ದಿನ ಹಾಕುತ್ತಾರೆ ಅಂತ ಊರಿನವರು ವಿಚಾರಿಸುತ್ತಾ ಇರಬೇಕು.

ಇವತ್ತಿಗೆ ಇಷ್ಟು. ಮುಂದಿನ ವಾರ ಸಿಗುವ.