ಗೋವಿನ ಹಾಡಿನ ಹುಲಿ

ಕನ್ನಡನಾಡಿನ ಮನೆಗಳಲ್ಲಿ ಅಕ್ಷರಾಭ್ಯಾಸಕ್ಕೆ ಮುಂಚೆಯೇ ಮಕ್ಕಳ ಕಿವಿಗೆ ಬೀಳುವ ಪ್ರಾಣಿಕಥೆಗಳು ಹಲವು ಉಂಟು. ಅವುಗಳಲ್ಲಿ ಗೋವಿನ ಹಾಡಿನಷ್ಟು ಆಳವಾಗಿ ಮನಸ್ಸಿನಲ್ಲಿ ನಿಂತುದು ಮತ್ತೊಂದಿಲ್ಲವೆಂದರೆ ಅತ್ಯುಕ್ತಿಯಾಗಲಾರದು. ಕವಿಯ ಅಂಕಿತವಿಲ್ಲದ ಈ ಹಾಡು ಅಜ್ಜಿಯರ ಬಾಯಿಂದ ಪಾಠಪುಸ್ತಕಕ್ಕೂ, ಅಲ್ಲಿಂದ ಧ್ವನಿಸುರುಳಿಗೂ, ಈಚೆಗೆ ಬರೆದ ಚಿತ್ರಗಳೇ ನಡೆದಾಡಿ ಮಾತನಾಡುವ ಅನಿಮೇಷನ್ ಚಿತ್ರಕ್ಕೂ ಬಂದಿದೆ. ಚಿಕ್ಕಂದಿನಲ್ಲಿ ಇದನ್ನು ಕೇಳಿ ಅತ್ತವರು ಪ್ರೌಢರಾದ ಮೇಲೆ ಮತ್ತೊಮ್ಮೆ ಓದಿದರೆ ಒಂದು ಸಂಗತಿ ಕಾಣಬರುವುದು. ಎಲ್ಲರೂ ಹಸುವಿನ ಕಥೆಯೆಂದು ತಿಳಿದ ಈ ಹಾಡಿನಲ್ಲಿ ಅತ್ಯಂತ ಕಠಿನವಾದ ಕಾರ್ಯವನ್ನು ಮಾಡುವುದು ಹುಲಿ.

ಕಥೆ ವಾಚಕರಿಗೆ ತಿಳಿದುದೇ. ಕರ್ಣಾಟ ದೇಶದಲ್ಲಿ ಕಾಳಿಂಗನೆಂಬ ಗೊಲ್ಲ. ಅವನು ಹೆಸರು ಹಿಡಿದು ಕರೆದರೆ ಓಡಿ ಬರುವ ಹಸುಗಳು. ಮಲೆಯಲ್ಲಿ ಏಳು ದಿನಗಳಿಂದ ಆಹಾರವಿಲ್ಲದೆ ಬಳಲಿದ ಅರ್ಭುತನೆಂಬ ಹುಲಿ. ಕರುವನ್ನು ನೆನೆದು ದೊಡ್ಡಿಗೆ ಮರಳುತ್ತಿದ್ದ ಪುಣ್ಯಕೋಟಿಯನ್ನು ಹುಲಿ ಅಡ್ಡಗಟ್ಟುತ್ತದೆ. ಕರುವಿಗೆ ಒಮ್ಮೆ ಮೊಲೆಯುಣಿಸಿ ಬರುವೆನೆಂದು ಹಸು ಆಣೆಯಿಡುತ್ತದೆ. ಹೋಗಿ ಉಣಿಸಿ, ಕರುವನ್ನು ದೊಡ್ಡಿಯ ಮಿಕ್ಕ ತಾಯಂದಿರಿಗೆ ಒಪ್ಪಿಸಿ, ಹೇಳಿದಂತೆಯೇ ಹಿಂದಿರುಗುತ್ತದೆ. ಹುಲಿ ಕಣ್ಣೀರು ಸುರಿಸಿ ಅವಳನ್ನು ಒಡಹುಟ್ಟಿದ ಅಕ್ಕನೆಂದು ಕರೆದು, ಇವಳನ್ನು ತಿಂದರೆ ದೇವರು ತನ್ನನ್ನು ಮೆಚ್ಚನೆಂದು ನಿಶ್ಚಯಿಸಿ, ಆಕಾಶಕ್ಕೆ ನೆಗೆದು ಪ್ರಾಣ ಬಿಡುತ್ತದೆ.

ಈ ಹಾಡು ಹಳ್ಳಿಯದು. ಆದರೂ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಅದು ಪರಕೀಯವಾಗಲಿಲ್ಲ. ಚಾಮರಾಜಪೇಟೆಯು 1892ರಲ್ಲಿ ರೂಪುಗೊಂಡಿತು. 1898ರ ಪ್ಲೇಗಿನ ತರುವಾಯ ಬಸವನಗುಡಿ ಮತ್ತು ಮಲ್ಲೇಶ್ವರಗಳು ಬೆಳೆದುವು. ಈ ಬೀದಿಗಳ ಅನೇಕ ಮನೆಗಳ ಹಿತ್ತಿಲಿನಲ್ಲಿ ಕೊಟ್ಟಿಗೆಯಿತ್ತು. ಕೊಟ್ಟಿಗೆಯಿಲ್ಲದವರ ಬಾಗಿಲಿಗೆ ಹಾಲಿನವನು ಹಸುವನ್ನೇ ಹೊಡೆದುಕೊಂಡು ಬಂದು ಎದುರಿನಲ್ಲಿಯೇ ಕರೆದುಕೊಡುತ್ತಿದ್ದನು. ಕರು ಸತ್ತುಹೋಗಿದ್ದರೆ ಅದರ ಚರ್ಮಕ್ಕೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸುವುದೂ ಉಂಟು. ಅಂಥ ಹುಲ್ಲಿನ ಕರುವನ್ನು ಹಸು ನೆಕ್ಕಿ ಸೊರೆಬಿಡುವುದನ್ನು ಕಂಡ ಮಗುವಿಗೆ ಪುಣ್ಯಕೋಟಿಯ ಸಂಕಟವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. 1965ರಲ್ಲಿ ಬೆಂಗಳೂರು ಡೈರಿ ಆರಂಭವಾಗಿ, ಹಾಲು ಸೀಸೆಗಳಲ್ಲಿಯೂ ಬಳಿಕ ಪೊಟ್ಟಣಗಳಲ್ಲಿಯೂ ಬರತೊಡಗಿದ ಮೇಲೆ ಕೊಟ್ಟಿಗೆಗಳು ಒಂದೊಂದಾಗಿ ಮರೆಯಾದುವು. ಹಾಡು ಮಾತ್ರ ಉಳಿಯಿತು.

ಗೋವು ಸತ್ಯಕ್ಕೆ ಕಟ್ಟುಬಿದ್ದು ಹುಲಿಯ ಬಳಿಗೆ ಮರಳಿದ ವೃತ್ತಾಂತವು ಕನ್ನಡಕ್ಕೆ ಮಾತ್ರ ಸೇರಿದುದಲ್ಲ. ಪದ್ಮಪುರಾಣದ ಸೃಷ್ಟಿಖಂಡದಲ್ಲಿ ಇದೇ ಕಥೆಯುಂಟು. ಅಲ್ಲಿ ಗೋವಿನ ಹೆಸರು ನಂದಾ. ಹುಲಿಯು ಹಿಂದೆ ಪ್ರಭಂಜನನೆಂಬ ಅರಸನಾಗಿದ್ದವನು. ಮರಿಗೆ ಹಾಲೂಡುತ್ತಿದ್ದ ಜಿಂಕೆಯನ್ನು ಬಾಣದಿಂದ ಹೊಡೆದುದಕ್ಕಾಗಿ ಅದರ ಶಾಪವನ್ನು ಪಡೆದು ವ್ಯಾಘ್ರನಾದನು. ನಂದೆಯ ಸತ್ಯವನ್ನು ಕಂಡು, ಅವಳ ಹೆಸರನ್ನು ಕೇಳಿದೊಡನೆ ಶಾಪ ವಿಮೋಚನೆಯಾಗಿ ಅವನಿಗೆ ಅರಸನ ರೂಪ ಮರಳುತ್ತದೆ. ಗುಜರಾತಿನಲ್ಲಿ ಶ್ರಾವಣ ಬಹುಳ ಚೌತಿಯಂದು ಹೆಂಗಸರು ಆಚರಿಸುವ ವ್ರತದ ಕಥೆಯಲ್ಲಿ ಗೋವು ಬಹುಲಾ, ಎದುರಿಗೆ ಬರುವುದು ಸಿಂಹ. ಆ ಸಿಂಹವು ಪರೀಕ್ಷಾರ್ಥವಾಗಿ ರೂಪ ಧರಿಸಿ ಬಂದ ಶ್ರೀಕೃಷ್ಣನೇ. ಆ ದಿನ ಕರುವಿನ ಪಾಲನ್ನು ಕಸಿಯಬಾರದೆಂದು ಹಸುವಿನ ಹಾಲನ್ನು ಮುಟ್ಟದಿರುವುದು ಅಲ್ಲಿಯ ಪದ್ಧತಿ. ಬೌದ್ಧರ ಸುತಸೋಮ ಜಾತಕದಲ್ಲಿಯೂ ನರಭಕ್ಷಕನ ಕೈಗೆ ಸಿಕ್ಕಿದ ರಾಜನು ಮಾತು ಕೊಟ್ಟು ಹೋಗಿ ಮರಳಿ ಬರುತ್ತಾನೆ. ನರಭಕ್ಷಕನು ಮನಸ್ಸು ತಿರುಗಿ ಆ ಕ್ರೂರವೃತ್ತಿಯನ್ನು ಬಿಡುತ್ತಾನೆ.

ಇವುಗಳನ್ನು ಕನ್ನಡದ ಹಾಡಿನೊಡನೆ ಇಟ್ಟು ನೋಡಿದರೆ ಭೇದವು ಸ್ಪಷ್ಟವಾಗುವುದು. ಪುರಾಣದ ಹುಲಿಗೆ ಶಾಪವಿದೆ, ಶಾಪಕ್ಕೆ ಅವಧಿಯಿದೆ. ಹಸುವನ್ನು ಬಿಟ್ಟುಕೊಟ್ಟರೆ ರಾಜ್ಯವೇ ಹಿಂದಕ್ಕೆ ಬರುತ್ತದೆ. ವ್ರತಕಥೆಯ ಸಿಂಹಕ್ಕೆ ಹಸಿವೆಯೇ ಇಲ್ಲ, ಏಕೆಂದರೆ ಅದು ಸಿಂಹವೇ ಅಲ್ಲ. ಅರ್ಭುತನಿಗೆ ಇಂಥ ಹಿಂಬಾಗಿಲು ಒಂದೂ ಇಲ್ಲ. ಅವನು ಯಾವ ಅರಸನೂ ಅಲ್ಲ, ದೇವನೂ ಅಲ್ಲ. ಏಳು ದಿನ ಉಪವಾಸವಿದ್ದ ಬರಿಯ ಹುಲಿ. ದೇವರು ಮೆಚ್ಚನೆಂಬ ಮಾತು ಅವನ ಬಾಯಲ್ಲಿ ಬರುವುದು ನಿಜ, ಆದರೆ ಯಾವ ದೇವರೂ ಬಂದು ಅವನನ್ನು ತಡೆಯುವುದಿಲ್ಲ. ತೀರ್ಪು ಅವನದೇ, ದಂಡನೆಯೂ ಅವನದೇ. ಸಂಸ್ಕೃತದ ಕಥೆಯನ್ನು ಕನ್ನಡದ ಕವಿಯು ಅನುಸರಿಸಿದನೆಂದು ಹೇಳುವವರು ಈ ಒಂದು ಮಾರ್ಪಾಟನ್ನು ಸಣ್ಣದೆಂದು ಎಣಿಸಬಾರದು. ಶಾಪವನ್ನು ತೆಗೆದುಹಾಕಿದೊಡನೆ ಕಥೆಯ ಭಾರವೆಲ್ಲ ಹುಲಿಯ ಹೆಗಲಿಗೆ ಬಂದಿತು.

ಇಲ್ಲಿಯೇ ಒಂದು ಆಕ್ಷೇಪ ಏಳುವುದು. ಮಕ್ಕಳೇ ಅದನ್ನು ಮೊದಲು ಎತ್ತುವರು. ಹುಲಿ ಮಾಡಿದ ತಪ್ಪಾದರೂ ಏನು? ಹುಲ್ಲು ಮೇಯುವುದು ಹಸುವಿಗೆ ಹೇಗೆ ಸಹಜವೋ ಹಸುವನ್ನು ತಿನ್ನುವುದು ಹುಲಿಗೆ ಹಾಗೆಯೇ ಸಹಜ. ಹಸಿದುದಕ್ಕಾಗಿ ಪ್ರಾಣ ಬಿಡಬೇಕೆ? ಹಿರಿಯರು ಈ ಪ್ರಶ್ನೆಯನ್ನು ಸತ್ಯದ ಮಹಿಮೆಯನ್ನು ಹೇಳಿ ಸಾಗಹಾಕುವುದು ವಾಡಿಕೆ, ಅದು ಉತ್ತರವಲ್ಲ.

ಹಸಿದ ಪ್ರಾಣಿಯ ಅಪರಾಧವನ್ನು ಕುರಿತ ಮತ್ತೊಂದು ಕಥೆ ಬಸವನಗುಡಿಯಲ್ಲಿಯೇ ಇದೆ. ಹಿಂದೆ ಸುಂಕೇನಹಳ್ಳಿಯೆನಿಸಿಕೊಂಡಿದ್ದ ಈ ಪ್ರದೇಶದಲ್ಲಿಯೂ ಸುತ್ತಲಿನ ಗುಟ್ಟಹಳ್ಳಿ, ಮಾವಳ್ಳಿ ಮೊದಲಾದ ಹಳ್ಳಿಗಳಲ್ಲಿಯೂ ರೈತರು ಬೆಳೆದ ಕಡಲೆಕಾಯಿಯನ್ನು ಒಂದು ಬಸವ ರಾತ್ರಿಯ ವೇಳೆ ಬಂದು ಮೇದುಹೋಗುತ್ತಿತ್ತಂತೆ. ಕಾದು ಕುಳಿತ ರೈತನೊಬ್ಬನು ಸಿಟ್ಟಿನಿಂದ ಅದನ್ನು ಹೊಡೆಯಲು ಬಸವ ಅಲ್ಲಿಯೇ ಕಲ್ಲಾಯಿತು. ತಮ್ಮ ಕೃತ್ಯಕ್ಕೆ ನೊಂದ ರೈತರು ಗುಡಿಯನ್ನು ಕಟ್ಟಿ ವರ್ಷ ವರ್ಷವೂ ಮೊದಲ ಬೆಳೆಯನ್ನು ಅದಕ್ಕೆ ಒಪ್ಪಿಸುವೆವೆಂದು ಹರಕೆ ಹೊತ್ತರು. ಕಾರ್ತಿಕ ಮಾಸದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಇದೇ ಮೂಲವೆಂದು ಐತಿಹ್ಯ. ಇಲ್ಲಿ ಹಸಿವೆಯನ್ನು ಹೊಡೆದವರೇ ತಪ್ಪಿತಸ್ಥರು, ಪರಿಹಾರ ಕೊಡಬೇಕಾದವರೂ ಅವರೇ. ಬಸವನಿಗೆ ಗುಡಿಯೂ ಪರಿಷೆಯೂ ಸಿಕ್ಕಿದುವು. ಹುಲಿಗೆ ಒಂದು ಕಲ್ಲೂ ಸಿಕ್ಕಲಿಲ್ಲ. ಪರಿಷೆಯ ಜನಸಂದಣಿಯಲ್ಲಿ ಕಡಲೆಕಾಯಿ ಸುಲಿಯುತ್ತ ನಡೆಯುವ ಮಗುವಿಗೆ ಎರಡೂ ಕಥೆಗಳು ಬರುತ್ತಿದ್ದರೂ ಅವುಗಳ ನ್ಯಾಯ ಬೇರೆ ಬೇರೆಯೆಂಬುದನ್ನು ಯಾರೂ ತೋರಿಸಿಕೊಡುವುದಿಲ್ಲ.

ಹಾಡಿನ ಕೊನೆಯನ್ನು ಪಾಠಪುಸ್ತಕಗಳು ಅನೇಕ ವೇಳೆ ಮೊಟಕು ಮಾಡಿವೆ. ಹುಲಿಯ ಮರಣದೊಡನೆ ಪಾಠ ಮುಗಿಯುವುದರಿಂದ ಮುಂದಿನ ಭಾಗವನ್ನು ಬಲ್ಲವರು ಕಡಮೆ. ಪೂರ್ಣಪಾಠದಲ್ಲಿ ಪುಣ್ಯಕೋಟಿ ದೊಡ್ಡಿಗೆ ಮರಳಿ ಕರುವಿಗೆ ಹಾಲುಣಿಸಿ, ಗೊಲ್ಲನನ್ನು ಕರೆದು, ತನ್ನ ವಂಶದ ಗೋವುಗಳೂ ಅವನ ವಂಶದ ಗೊಲ್ಲರೂ ಪ್ರತಿ ವರ್ಷ ಸಂಕ್ರಾಂತಿಯಂದು ಕೃಷ್ಣನನ್ನು ಭಜಿಸಬೇಕೆಂದು ಹೇಳುತ್ತಾಳೆ. ಅಂದರೆ ಇದು ಮೂಲತಃ ಹಬ್ಬದ ಹಾಡು. ದನಗಳಿಗೆ ಮೈತೊಳೆದು ಕೊಂಬಿಗೆ ಬಣ್ಣ ಬಳಿದು ಕಿಚ್ಚು ಹಾಯಿಸುವ ದಿನಕ್ಕೆ ಸೇರಿದುದು. ಈ ಭಾಗವನ್ನು ಬಿಟ್ಟುದರಿಂದ ಗೊಲ್ಲರ ಹಬ್ಬದ ಹಾಡು ಶಾಲೆಯ ನೀತಿಪದ್ಯವಾಗಿ ಹೋಯಿತು. ನಷ್ಟವು ಅಲ್ಪವಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಎಸ್. ಎಲ್. ಭೈರಪ್ಪನವರು ತಮ್ಮ ‘ತಬ್ಬಲಿಯು ನೀನಾದೆ ಮಗನೆ’ ಕಾದಂಬರಿಯನ್ನು (1968) ಈ ಹಾಡಿನ ಮೇಲೆಯೇ ನಿಲ್ಲಿಸಿದರು. ಗಿರೀಶ ಕಾರ್ನಾಡ ಮತ್ತು ಬಿ. ವಿ. ಕಾರಂತರು 1977ರಲ್ಲಿ ಅದನ್ನು ಚಲಚ್ಚಿತ್ರ ಮಾಡಿದರು. ಅಲ್ಲಿ ವಿಚಾರವೆಲ್ಲ ಹಸುವನ್ನು ಕುರಿತದ್ದು. 2009ರಲ್ಲಿ ಮಕ್ಕಳಿಗೆಂದೇ ಚಿಂಟು ಟಿವಿ ಎಂಬ ಕನ್ನಡ ವಾಹಿನಿ ಬಂದಿತು; ಪರದೇಶಗಳಲ್ಲಿ ಬರೆದ ಪಾತ್ರಗಳು ಕನ್ನಡದಲ್ಲಿ ಮಾತನಾಡತೊಡಗಿದುವು. ನಮ್ಮದೇ ಹಸುವೂ ಹುಲಿಯೂ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರದಲ್ಲಿ ಕಾಣಿಸಿಕೊಂಡುದು 2020ರಲ್ಲಿ, ವಿ. ರವಿಶಂಕರರು ನಿರ್ದೇಶಿಸಿದ ‘ಪುಣ್ಯಕೋಟಿ’ಯಿಂದ. ಜನರಿಂದ ಕೂಡಿಸಿದ ಹಣದ ನೆರವಿನಿಂದ ಹಲವು ವರ್ಷ ದುಡಿದು ಮಾಡಿದ ಚಿತ್ರವಿದು, ಸಂಗೀತ ಇಳಯರಾಜರದು. ಸೋಜಿಗವೆಂದರೆ ಅದರ ಭಾಷೆ ಸಂಸ್ಕೃತ. ಸಂಸ್ಕೃತದ ನಂದೆಯು ಕನ್ನಡದಲ್ಲಿ ಪುಣ್ಯಕೋಟಿಯಾದಳು. ಶತಮಾನಗಳು ಕಳೆದ ಮೇಲೆ ಆ ಕನ್ನಡದ ಹೆಸರನ್ನೇ ಹೊತ್ತು ಸಂಸ್ಕೃತಕ್ಕೆ ಮರಳಿದಳು. ಕೊಟ್ಟ ಸಾಲ ಬಡ್ಡಿಯೊಡನೆ ತೀರಿದಂತಾಯಿತು.

ಹುಲಿಯ ವಿಷಯದಲ್ಲಿ ಕಾಲವು ಬಹಳ ಬದಲಾಗಿದೆ. ಹಾಡು ಹುಟ್ಟಿದ ಕಾಲದಲ್ಲಿ ದೊಡ್ಡಿಯ ಬೇಲಿಯಾಚೆ ಹುಲಿ ಇದ್ದೇ ಇರುತ್ತಿತ್ತು. ಅದು ಸತ್ತಿತೆಂದರೆ ಹಳ್ಳಿಗೆ ನೆಮ್ಮದಿ. 1973ರಲ್ಲಿ ಹುಲಿ ಯೋಜನೆ ಪ್ರಾರಂಭವಾದಾಗ ಬಂಡೀಪುರವು ಮೊದಲ ಒಂಬತ್ತು ರಕ್ಷಿತ ವನಗಳಲ್ಲಿ ಒಂದಾಗಿತ್ತು; 2022ರ ಗಣತಿಯಂತೆ ಕರ್ನಾಟಕದಲ್ಲಿದ್ದ ಹುಲಿಗಳ ಸಂಖ್ಯೆ 563. ಬನ್ನೇರುಘಟ್ಟದಲ್ಲಿ ಬಸ್ಸಿನ ಕಿಟಕಿಯ ಜಾಲರಿಯಿಂದ ಹುಲಿಯನ್ನು ಕಂಡು ಬಂದ ಮಲ್ಲೇಶ್ವರದ ಮಗುವಿಗೆ ಹುಲಿಯು ಭಯದ ವಸ್ತುವಲ್ಲ, ಉಳಿಸಿಕೊಳ್ಳಬೇಕಾದ ಪ್ರಾಣಿ. ಅಂಥ ಮಗು ಹಾಡಿನ ಕೊನೆಗೆ ಅಳುವುದು ಹಸು ಬದುಕಿತೆಂಬ ಸಮಾಧಾನದಿಂದಲ್ಲ. ಹುಲಿಗೆ ಬೇರೆ ಏನನ್ನಾದರೂ ತಿನ್ನಲು ಕೊಡಬಹುದಾಗಿತ್ತಲ್ಲವೇ ಎಂದು ಅಜ್ಜಿಯನ್ನು ಕೇಳುತ್ತದೆ. ಅಜ್ಜಿ ಹಾಡನ್ನು ಮತ್ತೆ ಮೊದಲಿನಿಂದ ಆರಂಭಿಸುತ್ತಾಳೆ.