ಒಟಿಟಿ ಪೈಪೋಟಿ ಮತ್ತು ಕನ್ನಡದ ಮನೆಯ ಲೆಕ್ಕ

'ಕನ್ನಡಿಗರು ಒಟಿಟಿಗೆ ದುಡ್ಡು ಬಿಚ್ಚುವುದಿಲ್ಲ' ಎಂಬ ಮಾತು ಈಗ ಮುಂಬೈಯ ಕಚೇರಿಗಳಿಂದ ಗಾಂಧಿನಗರದವರೆಗೆ ಚಲಾವಣೆಯಲ್ಲಿದೆ. ಚಿತ್ರಗಳ ಡಿಜಿಟಲ್ ಹಕ್ಕಿನ ವ್ಯವಹಾರದಲ್ಲೇ ಬಹುಕಾಲ ಕಳೆದ ನಾನು ಈ ಮಾತನ್ನು ಒಪ್ಪಲಾರೆ.

1994ರಲ್ಲಿ ಉದಯ ಟಿವಿ ಬಂದ ಕಾಲದಿಂದಲೂ ಕೇಬಲ್‌ನವನು ತಿಂಗಳ ಮೊದಲ ವಾರ ಬಾಗಿಲಿಗೆ ಬರುತ್ತಿದ್ದ, ಮನೆಯವರು ದುಡ್ಡು ಕೊಡುತ್ತಿದ್ದರು. 2019ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಹೊಸ ದರಪಟ್ಟಿ ತಂದು ನೂರು ಚಾನೆಲ್‌ಗೆ 130 ರೂಪಾಯಿ ಮೂಲ ಶುಲ್ಕ, ಪೇ ಚಾನೆಲ್‌ಗೆ ಬೇರೆ ದರ ಎಂದಾಗ, ಬೇಕಾದ್ದನ್ನು ಆರಿಸಿ ಬೇಡದ್ದನ್ನು ಬಿಡುವುದನ್ನೂ ಅದೇ ಮನೆಗಳು ಕಲಿತವು.

ನಿಜವಾದ ಪೈಪೋಟಿ ಶುರುವಾದದ್ದು ನಮ್ಮ ಕಣ್ಣೆದುರಿಗೆ. 2015ರ ಫೆಬ್ರವರಿಯಲ್ಲಿ ಹಾಟ್‌ಸ್ಟಾರ್, ಮರುವರ್ಷ ಜನವರಿಯಲ್ಲಿ ನೆಟ್‌ಫ್ಲಿಕ್ಸ್, ಸೆಪ್ಟೆಂಬರ್‌ನಲ್ಲಿ ಜಿಯೋದ ಅಗ್ಗದ ಡೇಟಾ, ಡಿಸೆಂಬರ್‌ನಲ್ಲಿ ಪ್ರೈಮ್ ವಿಡಿಯೋ. ನೆಟ್‌ಫ್ಲಿಕ್ಸ್ ತಿಂಗಳಿಗೆ 500 ರೂಪಾಯಿಯಿಂದ ಶುರು ಮಾಡಿದರೆ ಪ್ರೈಮ್ 499 ರೂಪಾಯಿಗೆ ಇಡೀ ವರ್ಷ ಕೊಟ್ಟಿತು. ಆ ಅಂತರವೇ ಮುಂದಿನ ಹತ್ತು ವರ್ಷದ ಆಟವನ್ನು ನಿರ್ಧರಿಸಿತು ಎಂಬುದು ನನ್ನ ಎಣಿಕೆ. ನೆಟ್‌ಫ್ಲಿಕ್ಸ್ 2019ರಲ್ಲಿ ಮೊಬೈಲ್‌ಗೆಂದೇ 199 ರೂಪಾಯಿಯ ಚಂದಾ ತಂದಿತು, 2021ರ ಡಿಸೆಂಬರ್‌ನಲ್ಲಿ ಅದನ್ನು 149ಕ್ಕೆ ಇಳಿಸಿತು. ಅದೇ ತಿಂಗಳು ಪ್ರೈಮ್ ತನ್ನ ವಾರ್ಷಿಕ ಚಂದಾವನ್ನು 999ರಿಂದ 1,499ಕ್ಕೆ ಏರಿಸಿತು.

ಹೆಚ್ಚಿನ ಸಮೀಕ್ಷೆಗಳು ಬಿಟ್ಟುಬಿಡುವ ಸಂಗತಿ ಒಂದಿದೆ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ತಾನಾಗಿ ಹಣ ಕಡಿತವಾಗುವ ಮುನ್ನ 24 ಗಂಟೆ ಮೊದಲೇ ಗ್ರಾಹಕರಿಗೆ ಸಂದೇಶ ಹೋಗಬೇಕು. ನಾಳೆ ಇಷ್ಟು ಹಣ ಕಡಿತವಾಗುತ್ತದೆ ಎಂದು ಫೋನಿಗೆ ಬರುವ ಆ ಎರಡು ಸಾಲು ನೋಡಿದ ಕೂಡಲೇ ಮನೆಯಲ್ಲಿ ವಿಚಾರಣೆ ನಡೆಯುತ್ತದೆ: ಕಳೆದ ತಿಂಗಳು ಇದರಲ್ಲಿ ಏನು ನೋಡಿದೆವು? ಮಕ್ಕಳ ಪರೀಕ್ಷೆ ಹತ್ತಿರ ಬಂತಲ್ಲ? ಬಿಗ್ ಬಾಸ್ ಮುಗಿಯಿತಲ್ಲ? ಉತ್ತರ ಸಿಗದಿದ್ದರೆ ಚಂದಾ ನಿಲ್ಲುತ್ತದೆ. ಇದನ್ನು ಜಿಪುಣತನ ಎನ್ನುವವರು ಮನೆ ನಡೆಸಿದವರಲ್ಲ.

2023ರಲ್ಲಿ ಜಿಯೋಸಿನಿಮಾ ಐಪಿಎಲ್ ಅನ್ನು ಪುಕ್ಕಟೆ ತೋರಿಸಿತು, ಮರುವರ್ಷ ತಿಂಗಳಿಗೆ 29 ರೂಪಾಯಿಯ ಚಂದಾ ತಂದಿತು, 2025ರ ಫೆಬ್ರವರಿಯಲ್ಲಿ ಹಾಟ್‌ಸ್ಟಾರ್ ಜತೆ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಈಗ ಬಹಳಷ್ಟು ಮನೆಗಳಿಗೆ ಒಟಿಟಿ ಬರುವುದೇ ಮೊಬೈಲ್ ರೀಚಾರ್ಜ್ ಇಲ್ಲವೇ ಫೈಬರ್ ಬಿಲ್ ಜತೆ. ಪುಕ್ಕಟೆ ಕ್ರಿಕೆಟ್ ಮತ್ತು ಈ ಕಟ್ಟು ಮಾರಾಟ ಸಣ್ಣ ವೇದಿಕೆಗಳ ಉಸಿರು ಕಟ್ಟಿಸಿದವು. ಕನ್ನಡ ನೋಡುವವನು ಕೊಟ್ಟ ದುಡ್ಡು ಕನ್ನಡದ ಲೆಕ್ಕಕ್ಕೆ ಬಾರದೇ ಹೋಗುವುದೂ ಇಲ್ಲಿಯೇ.

2020ರ ಜುಲೈನಲ್ಲಿ ಪಿಆರ್‌ಕೆ ಪ್ರೊಡಕ್ಷನ್ಸ್‌ನ 'ಲಾ' ಮತ್ತು 'ಫ್ರೆಂಚ್ ಬಿರಿಯಾನಿ' ಥಿಯೇಟರ್ ಕಾಣದೆ ನೇರವಾಗಿ ಪ್ರೈಮ್‌ಗೆ ಬಂದಾಗ ನಮಗೆಲ್ಲ ಬಾಗಿಲು ತೆರೆಯಿತು ಅನಿಸಿತ್ತು. ಆ ಉತ್ಸಾಹ ಉಳಿಯಲಿಲ್ಲ. ಬಂಗಾಳಿಗೆ 2017ರಿಂದ ಹೊಯ್‌ಚೊಯ್, ತೆಲುಗಿಗೆ 2020ರಿಂದ ಆಹಾ ಇದ್ದವು. ಆ ಎತ್ತರದ ವೇದಿಕೆ ಕನ್ನಡಕ್ಕೆ ಬೆಳೆಯಲಿಲ್ಲ. ಕರಾವಳಿಯ ಏಳು ಕಥೆಗಳ 'ಏಕಂ' ಸರಣಿಯನ್ನು ನೋಡಿ. ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿಯವರಂಥ ನಟರಿದ್ದರು, ರಕ್ಷಿತ್ ಶೆಟ್ಟಿಯವರ ನಿರ್ಮಾಣ ಸಂಸ್ಥೆ ಪರಂವಃ ಬೆನ್ನಿಗಿತ್ತು. ಆದರೂ ಯಾವ ದೊಡ್ಡ ವೇದಿಕೆಯೂ ಕೊಳ್ಳಲಿಲ್ಲ. ಕಡೆಗೆ 2024ರ ಜುಲೈನಲ್ಲಿ ತಂಡ ತನ್ನದೇ ಜಾಲತಾಣ ಕಟ್ಟಿ ಪ್ರೇಕ್ಷಕರಿಗೆ ನೇರವಾಗಿ ಮಾರಿತು. ತಿಂಗಳ ಚಂದಾ ಇಲ್ಲ. ಬೇಕಾದವರು ಆ ಸರಣಿಗೆ ಮಾತ್ರ ದುಡ್ಡು ಕೊಟ್ಟು ನೋಡಿದರು. ಈ ದಶಕದಲ್ಲಿ ಕನ್ನಡ ಒಟಿಟಿ ಕಂಡ ಅತ್ಯಂತ ಧೈರ್ಯದ ಪ್ರಯೋಗ ಅದು. 2025ರಲ್ಲಿ ಜೀ5 'ಅಯ್ಯನ ಮನೆ'ಯಂಥ ಸರಣಿಗಳಿಗೆ ಕೈಹಾಕಿದ್ದು ಒಳ್ಳೆಯದೇ, ಆದರೆ ಬಹಳ ತಡವಾಯಿತು.

ಕೇರಳ ಸರ್ಕಾರದ ಒಟಿಟಿ ವೇದಿಕೆ ಸಿ ಸ್ಪೇಸ್ 2024ರ ಮಾರ್ಚ್‌ನಲ್ಲಿ ಚಂದಾ ಇಲ್ಲದೆ, ಒಂದು ಚಿತ್ರಕ್ಕೆ 75 ರೂಪಾಯಿಯಂತೆ ಶುರುವಾಯಿತು. ನಮ್ಮ ರಾಜ್ಯವೂ 2025-26ರ ಬಜೆಟ್‌ನಲ್ಲಿ ಕನ್ನಡ ಚಿತ್ರಗಳಿಗಾಗಿ ಒಟಿಟಿ ವೇದಿಕೆ ಘೋಷಿಸಿದೆ. ಅದನ್ನು ಕಟ್ಟುವವರಲ್ಲಿ ನನ್ನ ಕೋರಿಕೆ ಇಷ್ಟೇ: ಮನೆಯ ತಲೆಗೆ ಇನ್ನೊಂದು ತಿಂಗಳ ಚಂದಾ ಹೊರಿಸಬೇಡಿ. ನೋಡಿದ ಚಿತ್ರಕ್ಕೆ ಮಾತ್ರ ಹಣ ಪಡೆಯಿರಿ, ಅದರಲ್ಲಿ ನಿರ್ಮಾಪಕನಿಗೆ ಎಷ್ಟು ಹೋಯಿತೆಂಬ ಲೆಕ್ಕವನ್ನು ಪ್ರತಿ ತಿಂಗಳೂ ಪ್ರಕಟಿಸಿ.